ವರದಿಗಳೆಲ್ಲ ಸರಿಯಿದ್ದರೂ ಪಾದ ಉರಿಯುವುದೇಕೆ?

ಪ್ರಶ್ನೆ: ನನಗೆ 46 ವರ್ಷ. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್ ಆಗಿದ್ದೇನೆ. 2007ರಲ್ಲಿ ನನಗೆ ಎಚ್‌ಐವಿ ಇರುವುದು ಗೊತ್ತಾಯಿತು. ಯಜಮಾನರು ಅದೇ ವರ್ಷ ತೀರಿಕೊಂಡರು. ಅಂದಿನಿಂದ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಮೊದಲ ಕೆಲವು ವರ್ಷ ಕೊಟ್ಟ ಮಾತ್ರೆಯಿಂದ ಕೆನ್ನೆ ಒಳಕ್ಕೆ ಹೋಯಿತು, ಆಮೇಲೆ ಮಾತ್ರೆ ಬದಲಾಯಿಸಿದರು. ಈಗ ಮೂರು ಔಷಧ ಸೇರಿದ ಟಿಎಲ್‌ಡಿ ಮಾತ್ರೆ, ದಿನಕ್ಕೊಂದು. ವೈರಲ್ ಲೋಡ್ ಪತ್ತೆಯಾಗದಷ್ಟು ಕಡಿಮೆ ಇದೆ, ಸಿಡಿ4 ಚೆನ್ನಾಗಿದೆ. ಆದರೆ ಎರಡು ವರ್ಷದಿಂದ ಎರಡೂ ಪಾದ ಉರಿಯುತ್ತವೆ, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ. ಜೊತೆಗೆ ಸೊಂಟನೋವು. ಔಷಧ ಅಂಗಡಿಯಲ್ಲಿ ಕೊಡುವ ನೋವಿನ ಮಾತ್ರೆ ದಿನಕ್ಕೆ ಎರಡು, ಹೊಟ್ಟೆ ಉರಿಗೆ ಒಂದು ಸಿರಪ್. ನಿದ್ದೆ ಇಲ್ಲ, ಯಾರ ಜೊತೆಗೂ ಮಾತು ಬೇಡ, ಬೆಳಿಗ್ಗೆ ಏಳದೇ ಹೋದರೆ ಸಾಕು ಅನ್ನಿಸುತ್ತದೆ. ಒಬ್ಬ ವೈದ್ಯರು "ಎಲ್ಲಾ ರಿಪೋರ್ಟ್ ನಾರ್ಮಲ್, ಇದು ಮನಸ್ಸಿನದು, ನಿಮ್ಹಾನ್ಸ್‌ಗೆ ಹೋಗಿ" ಎಂದರು. ನನ್ನ ನೋವು ಸುಳ್ಳೇ? ಮನೋರೋಗದ ಮಾತ್ರೆಯನ್ನು ಎಆರ್‌ಟಿ ಜೊತೆ ತೆಗೆದುಕೊಳ್ಳಬಹುದೇ? ಪದವಿ ಓದುತ್ತಿರುವ ಮಗಳಿಗೆ ನನ್ನ ಕಾಯಿಲೆಯ ವಿಷಯ ಗೊತ್ತಿಲ್ಲ. ಈಗ ಹೇಳಲೇಬೇಕೇ?

ಉತ್ತರ: ಪತ್ರದ ನಡುವೆ ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಸಾಗಿರುವ ಮಾತನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಬೆಳಿಗ್ಗೆ ಏಳದೇ ಹೋದರೆ ಸಾಕು ಅನ್ನಿಸುತ್ತದೆ ಎಂದಿದ್ದೀರಿ. ವರ್ಷಗಟ್ಟಲೆ ನೋವು ತಿಂದವರಿಗೆ ಇಂಥ ಯೋಚನೆ ಬರುವುದು ಅಪರೂಪವಲ್ಲ, ಬಂದಿತೆಂದು ನಾಚಿಕೊಳ್ಳಬೇಕಾದದ್ದೂ ಇಲ್ಲ. ಆದರೆ ಅದನ್ನು ಒಬ್ಬರೇ ಹೊತ್ತುಕೊಂಡಿರುವುದು ಸರಿಯಲ್ಲ. ಈ ಯೋಚನೆ ಬರಿಯ ಬೇಸರದ ಮಟ್ಟವನ್ನು ದಾಟಿ, ಹೇಗೆ, ಯಾವಾಗ ಎಂಬ ಕಡೆಗೆ ಹೊರಳಿದರೆ ಅದೇ ದಿನ, ಅದೇ ಗಂಟೆಯಲ್ಲಿ ಸಹಾಯ ಕೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿ ಮಾತನಾಡುವವರಿದ್ದಾರೆ, ಅದಕ್ಕೆ ಹಣವಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ಚಿಕಿತ್ಸಾ ವಿಭಾಗವೂ ಇಡೀ ದಿನ ತೆರೆದಿರುತ್ತದೆ. ಆ ಮಟ್ಟಕ್ಕೆ ಹೋಗಿಲ್ಲವೆಂದಾದರೂ, ಮುಂದಿನ ಬಾರಿ ಮಾತ್ರೆ ತರಲು ಎಆರ್‌ಟಿ ಕೇಂದ್ರಕ್ಕೆ ಹೋದಾಗ ಆಪ್ತಸಮಾಲೋಚಕರಿಗೆ ನನಗೆ ಬರೆದ ಈ ಸಾಲನ್ನು ಹಾಗೆಯೇ ಹೇಳಿ. ಅದನ್ನು ನಯವಾಗಿಸಿ, ಸ್ವಲ್ಪ ಬೇಜಾರು ಎಂದು ಇಳಿಸಿ ಹೇಳಬೇಡಿ. ನಿಮಗೆ ಯಾವ ಮಾತ್ರೆ ಕೊಡಬೇಕು, ಒಮ್ಮೆಗೆ ಎಷ್ಟು ದಿನದ್ದು ಕೊಡಬೇಕು ಎಂಬ ವೈದ್ಯರ ತೀರ್ಮಾನವೂ ಆ ಸಾಲನ್ನು ಅವಲಂಬಿಸಿದೆ.

ಇನ್ನು ನೋವು ಸುಳ್ಳೇ ಎಂಬ ಪ್ರಶ್ನೆ. ಸುಳ್ಳಲ್ಲ. "ಎಲ್ಲಾ ರಿಪೋರ್ಟ್ ನಾರ್ಮಲ್" ಎಂದು ಹೇಳಿದವರಿಗೆ ಯಾವ ರಿಪೋರ್ಟ್ ಎಂದು ಕೇಳಬೇಕಾಗಿತ್ತು. ವೈರಲ್ ಲೋಡ್ ನಿಮ್ಮ ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಹೇಳುತ್ತದೆ, ಸಿಡಿ4 ನಿಮ್ಮ ರೋಗನಿರೋಧಕ ಶಕ್ತಿ ಎಷ್ಟಿದೆ ಎಂದು ಹೇಳುತ್ತದೆ; ಪಾದದ ನರಗಳ ಸ್ಥಿತಿಯ ಬಗ್ಗೆ ಇವೆರಡೂ ಏನನ್ನೂ ಹೇಳುವುದಿಲ್ಲ. ಒಂದು ವೇಳೆ ನರಗಳಲ್ಲಿ ವಿದ್ಯುತ್ ಹರಿವನ್ನು ಅಳೆಯುವ ಎನ್‌ಸಿಎಸ್ ಪರೀಕ್ಷೆಯನ್ನೂ ಮಾಡಿಸಿ ಅದೂ ಸರಿಯಾಗಿಯೇ ಬಂದಿದ್ದರೂ ವಿಷಯ ಮುಗಿಯುವುದಿಲ್ಲ, ಏಕೆಂದರೆ ಆ ಪರೀಕ್ಷೆ ಸ್ಪರ್ಶವನ್ನೂ ಚಲನೆಯನ್ನೂ ಸಾಗಿಸುವ ದಪ್ಪ ನರತಂತುಗಳನ್ನು ಮಾತ್ರ ಅಳೆಯಬಲ್ಲುದು. ಉರಿ, ಬಿಸಿ, ಚುಚ್ಚುವಿಕೆಗಳನ್ನು ಸಾಗಿಸುವ ತೀರಾ ಸಣ್ಣ ತಂತುಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಪಾದಗಳಲ್ಲಿ ಸಮನಾಗಿ ಶುರುವಾಗಿ, ರಾತ್ರಿ ಹೆಚ್ಚಾಗಿ, ಹೊದಿಕೆ ತಾಗಿದರೂ ತಾಳಲಾಗದ ಉರಿ ಎಂದು ನೀವು ವಿವರಿಸಿರುವುದು ನರರೋಗದ ಪಾಠಪುಸ್ತಕದಲ್ಲಿರುವ ಚಿತ್ರವೇ ಆಗಿದೆ. ಇದನ್ನು ಅನುಮಾನಿಸಲು ದುಬಾರಿ ಯಂತ್ರವೇನೂ ಬೇಕಿಲ್ಲ. ಒಂದು ಟ್ಯೂನಿಂಗ್ ಫೋರ್ಕ್, ಒಂದು ನೈಲಾನ್ ಎಳೆ, ಒಂದು ಗುಂಡುಸೂಜಿ ಮತ್ತು ರೋಗಿಯ ಕಾಲುಚೀಲ ಬಿಚ್ಚಿಸಿ ನೋಡುವ ಐದು ನಿಮಿಷದ ತಾಳ್ಮೆ ಸಾಕು.

ಪಾದದಲ್ಲೇ ಏಕೆ ಎಂದರೆ, ನಮ್ಮ ದೇಹದ ಅತಿ ಉದ್ದದ ನರಗಳು ಕೊನೆಗೊಳ್ಳುವುದು ಅಲ್ಲಿ. ಕಾಲ್ಬೆರಳ ತುದಿಯ ಸಂವೇದನೆಯನ್ನು ಸಾಗಿಸುವ ನರಕೋಶದ ಒಡಲು ಇರುವುದು ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಹೆಚ್ಚುಕಡಿಮೆ ಒಂದು ಮೀಟರ್ ದೂರದ ತುದಿಗೆ ಪೋಷಣೆ ತಲುಪಬೇಕು. ಕಾಲುವೆಯ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆಯ ಭಾಗದ ಗದ್ದೆ ತಾನೆ? ಎಚ್‌ಐವಿ ವೈರಾಣು ನರಕೋಶದೊಳಗೆ ತಾನೇ ಮನೆ ಮಾಡುವುದಿಲ್ಲ. ಆದರೆ ಅದರ ಹೊರಕವಚದ ಪ್ರೋಟೀನು, ಮತ್ತು ಅದರ ವಿರುದ್ಧ ಹೋರಾಡುವ ದೇಹದ ದೀರ್ಘಕಾಲದ ಉರಿಯೂತ, ನರಗಳಿಗೆ ಪೆಟ್ಟು ಕೊಡುತ್ತವೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಹಳೆಯ ಲೆಕ್ಕವೂ ಇದೆ. ಕೆನ್ನೆ ಒಳಕ್ಕೆ ಹೋಯಿತು ಎಂದು ನೀವು ಬರೆದಿರುವುದನ್ನು ನೋಡಿದರೆ, ಮೊದಲ ವರ್ಷಗಳಲ್ಲಿ ನಿಮಗೆ ಸಿಕ್ಕಿದ್ದು ಬಹುಶಃ ಸ್ಟಾವುಡಿನ್ ಸೇರಿದ ಮಾತ್ರೆ. ನಮ್ಮ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ, ಆಗ ಅಗ್ಗವಾಗಿ ದೊರೆಯುತ್ತಿದ್ದ ಔಷಧಗಳಲ್ಲಿ ಇದೂ ಒಂದು. ಅದು ಜೀವಕೋಶಗಳ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾವನ್ನು ಹಾಳುಮಾಡುತ್ತದೆ, ಅದರಿಂದ ಮುಖದ ಕೊಬ್ಬು ಕರಗುತ್ತದೆ, ಪಾದದ ನರ ಸೊರಗುತ್ತದೆ. ಈ ಕಾರಣಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡುವಂತೆ ಸಲಹೆ ಮಾಡಿತು. ಮಾತ್ರೆ ನಿಲ್ಲಿಸಿದ ಮೇಲೆ ಕೆಲವರಲ್ಲಿ ನರ ಚೇತರಿಸಿಕೊಳ್ಳುತ್ತದೆ, ಕೆಲವರಲ್ಲಿ ಪೂರ್ತಿ ಚೇತರಿಸಿಕೊಳ್ಳದೆ ದುರ್ಬಲವಾಗಿ ಉಳಿದು, ವಯಸ್ಸಾದಂತೆ ಇನ್ನಾವುದೋ ಸಣ್ಣ ಕಾರಣ ಸೇರಿದಾಗ ಮತ್ತೆ ನೋಯತೊಡಗುತ್ತದೆ. ಇದನ್ನು ಓದಿ ಆ ಮಾತ್ರೆಯನ್ನು ಕೊಟ್ಟವರ ಮೇಲೆ ಸಿಟ್ಟಾಗಬಹುದು. ನನ್ನ ಅಭಿಪ್ರಾಯ ಹೇಳುವುದಾದರೆ, ಆ ವರ್ಷಗಳಲ್ಲಿ ಅದು ಇರದಿದ್ದರೆ ನಿಮ್ಮ ಪತ್ರ ನನಗೆ ಬರುತ್ತಿರಲಿಲ್ಲ. ಆದರೆ ಅಂದು ಬದುಕಿ ಉಳಿದವರ ಪಾದಗಳನ್ನು ಇಂದು ಪರೀಕ್ಷಿಸದೆ ಕಳಿಸುವುದಕ್ಕೆ ಅದು ನೆಪವಾಗಬಾರದು.

ಆ ಇನ್ನೊಂದು ಸಣ್ಣ ಕಾರಣ ಯಾವುದೆಂದು ಹುಡುಕುವುದು ಮುಖ್ಯ, ಏಕೆಂದರೆ ಹಳೆಯ ಪೆಟ್ಟನ್ನು ಅಳಿಸಲಾಗದಿದ್ದರೂ ಹೊಸದನ್ನು ನಿಲ್ಲಿಸಬಹುದು. ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯ್ಡ್, ಮೂತ್ರಪಿಂಡದ ದೌರ್ಬಲ್ಯ, ಸಿಫಿಲಿಸ್, ಇವೆಲ್ಲಕ್ಕೂ ಸಾಮಾನ್ಯ ರಕ್ತಪರೀಕ್ಷೆ ಸಾಕು. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕೊರತೆ ಬಹಳ. ಈಚೆಗೆ ಕ್ಷಯಕ್ಕೆ ಅಥವಾ ಕ್ಷಯ ಬಾರದಂತೆ ಐಸೊನಿಯಜಿಡ್ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ. ಅದು ಬಿ6 ಜೀವಸತ್ವವನ್ನು ಕಡಿಮೆ ಮಾಡಿ ಇದೇ ರೀತಿಯ ಉರಿ ತರುತ್ತದೆ, ಆದ್ದರಿಂದಲೇ ಅದರ ಜೊತೆ ಬಿ6 ಮಾತ್ರೆ ಕೊಡುತ್ತಾರೆ. ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ನರ ಎಂಬ ಒಂದೇ ಮಾತು ಸಂವೇದನೆಯ ನರಕ್ಕೂ, ರಕ್ತನಾಳಕ್ಕೂ, ಸ್ನಾಯುವಿನ ತುದಿಗೂ ಸಲ್ಲುತ್ತದೆ, ಜೊತೆಗೆ "ನರಕ್ಕೆ ಶಕ್ತಿ" ಎಂಬ ಹೆಸರಿನಲ್ಲಿ ಸೂಜಿ, ಮಾತ್ರೆಗಳ ವ್ಯಾಪಾರವೂ ಜೋರಾಗಿದೆ. ಬಿ12 ಕಡಿಮೆಯಿದ್ದವರಿಗೆ ಆ ಸೂಜಿ ನಿಜವಾಗಿ ಉಪಕಾರಿ. ಕೊರತೆ ಇಲ್ಲದವರಿಗೆ ಅದು ಹಣದ ನಷ್ಟವಷ್ಟೆ. ಆದರೆ ಬಿ6 ಅನ್ನು ಹೆಚ್ಚಿನ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಅದೇ ನರವನ್ನು ಕೆಡಿಸುತ್ತದೆ.

ಸೊಂಟನೋವಿನ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ದಿನಕ್ಕೆ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುಳಿತವರಿಗೆ ಸೊಂಟ ನೋಯುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಎಚ್‌ಐವಿ ಇರುವವರಲ್ಲಿ ಎರಡು ತೊಂದರೆಗಳು ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಜ್ವರ, ತೂಕ ಇಳಿಕೆ, ಮಲಗಿದಾಗಲೂ ಬಿಡದ ಬೆನ್ನುನೋವು, ಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಬೆನ್ನುಮೂಳೆಯ ಕ್ಷಯವಿದೆಯೇ ಎಂದು ತಡಮಾಡದೆ ನೋಡಬೇಕು. ನೋವು ಸೊಂಟಕ್ಕಿಂತ ತೊಡೆಸಂದಿಯಲ್ಲಿ ಹೆಚ್ಚಿದ್ದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಕಷ್ಟವಾಗುತ್ತಿದ್ದರೆ, ತೊಡೆಮೂಳೆಯ ತಲೆಗೆ ರಕ್ತ ಸಾಲದೆ ಅದು ಸವೆಯುತ್ತಿರಬಹುದು. ಇದು ಎಚ್‌ಐವಿ ಇರುವವರಲ್ಲಿ ಇತರರಿಗಿಂತ ಹೆಚ್ಚು, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐನಲ್ಲಿ ಮಾತ್ರ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಗೊಳಿಸಿದ್ದು ಔಷಧ ಅಂಗಡಿಯ ಆ ಎರಡು ಮಾತ್ರೆ. ನಿಮ್ಮ ಟಿಎಲ್‌ಡಿಯಲ್ಲಿರುವ ಟೆನೊಫೊವಿರ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ, ಮತ್ತು ಕೆಲವರಲ್ಲಿ ಮೂತ್ರಪಿಂಡಕ್ಕೆ ತಾನೇ ತೊಂದರೆ ಕೊಡುವಂಥದು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್ ಜಾತಿಯ ಮಾತ್ರೆಗಳೂ ಮೂತ್ರಪಿಂಡದ ಮೇಲೆಯೇ ಭಾರ ಹಾಕುತ್ತವೆ. ಒಂದೆರಡು ದಿನದ ಮಟ್ಟಿಗೆ ಹಾನಿ ಆಗದಿರಬಹುದು, ಆದರೆ ಎರಡು ವರ್ಷ, ದಿನಕ್ಕೆ ಎರಡು ಎಂದರೆ ಅದು ಸಣ್ಣ ವಿಷಯವಲ್ಲ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನರದ ಉರಿಗೆ ಈ ಜಾತಿಯ ಮಾತ್ರೆಗಳು ಹೆಚ್ಚು ಕೆಲಸವನ್ನೇ ಮಾಡುವುದಿಲ್ಲ. ನೋವು ಹಾಗೆಯೇ ಉಳಿಯುತ್ತದೆ, ಹೊಟ್ಟೆ ಉರಿಯತೊಡಗುತ್ತದೆ, ಹೊಟ್ಟೆ ಉರಿಗೆ ಆಂಟಾಸಿಡ್ ಸಿರಪ್ ಬರುತ್ತದೆ. ಆ ಸಿರಪ್‌ನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂಗಳು ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಅನ್ನು ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹೀಗೆ ಪಾದದ ಉರಿಯಿಂದ ಹೊರಟ ದಾರಿ ಕೊನೆಗೆ ನೀವು ಇಷ್ಟು ವರ್ಷ ಕಾಪಾಡಿಕೊಂಡು ಬಂದ ವೈರಲ್ ಲೋಡ್‌ನ ಬುಡಕ್ಕೇ ಬಂದು ನಿಲ್ಲಬಹುದು. ಆದ್ದರಿಂದ ಆ ನೋವಿನ ಮಾತ್ರೆಯನ್ನು ಈಗಲೇ ನಿಲ್ಲಿಸಿ, ಈ ವಾರವೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮತ್ತು ಮೂತ್ರಪರೀಕ್ಷೆ ಮಾಡಿಸಿ. ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಲ್ಲಿ ಮೂತ್ರಪಿಂಡ ಚೆನ್ನಾಗಿದ್ದರೂ ಕ್ರಿಯಾಟಿನಿನ್ ತುಸು ಏರಿ ಕಾಣುವುದುಂಟು, ಆದ್ದರಿಂದ ಆ ಅಂಕಿಯನ್ನು ನೋಡಿ ನೀವೇ ಗಾಬರಿಯಾಗದೆ ಎಆರ್‌ಟಿ ವೈದ್ಯರಿಗೆ ತೋರಿಸಿ. ಸಿರಪ್ ಅನಿವಾರ್ಯವಾದರೆ ಟಿಎಲ್‌ಡಿ ನುಂಗಿದ ಎರಡು ಗಂಟೆಯ ನಂತರ ಕುಡಿಯಿರಿ, ಇಲ್ಲವೇ ಸಿರಪ್ ಕುಡಿದು ಆರು ಗಂಟೆ ಕಳೆದ ಮೇಲೆ ಟಿಎಲ್‌ಡಿ ನುಂಗಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ ಬೇಕು. ಸಿರಪ್ ಅನ್ನಲ್ಲ, ಈ ಮಾತ್ರೆಗಳನ್ನು ಮಾತ್ರ ಊಟದ ಜೊತೆಗಾದರೆ ಟಿಎಲ್‌ಡಿಯೊಂದಿಗೇ ತೆಗೆದುಕೊಳ್ಳಬಹುದು.

ಈಗ ಮನಸ್ಸಿನ ವಿಷಯಕ್ಕೆ ಬರೋಣ. ಆ ವೈದ್ಯರು ನಿಮ್ಮನ್ನು ನಿಮ್ಹಾನ್ಸ್‌ಗೆ ಹೋಗಿ ಎಂದದ್ದು ತಪ್ಪಲ್ಲ, ಹೇಳಿದ ಕಾರಣ ತಪ್ಪು. ದೇಹದಲ್ಲಿ ಏನೂ ಇಲ್ಲ, ಆದ್ದರಿಂದ ಇದು ಮನಸ್ಸಿನದು ಎಂಬ ತರ್ಕವನ್ನು ನೋವಿನ ವಿಜ್ಞಾನ ಕೈಬಿಟ್ಟು ಬಹಳ ಕಾಲವಾಯಿತು. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ ನೋವೆಂಬುದು ಸಂವೇದನೆಯೂ ಹೌದು, ಭಾವನೆಯೂ ಹೌದು, ಎರಡೂ ಕೂಡಿದ ಅನುಭವ. ಅಂಗಾಂಶಕ್ಕೆ ಆದ ಹಾನಿ ಕಣ್ಣಿಗೆ ಕಾಣಲೇಬೇಕೆಂಬ ಕರಾರೂ ಅದರಲ್ಲಿಲ್ಲ. ಕಾಲಿಗೆ ನೋವಾಯಿತು, ಮನಸ್ಸಿಗೆ ನೋವಾಯಿತು ಎಂದು ಒಂದೇ ಪದ ಬಳಸುವ ನಮಗೆ ಇದೇನೂ ಹೊಸದಾಗಿ ಕೇಳಿಸಬೇಕಾಗಿಲ್ಲ.

ಇದು ನಡೆಯುವ ಬಗೆ ಹೀಗೆ. ಪಾದದಿಂದ ಬರುವ ನೋವಿನ ಸುದ್ದಿ ಬೆನ್ನುಹುರಿಯನ್ನು ತಲುಪಿದಾಗ, ಮಿದುಳಿನಿಂದ ಕೆಳಗಿಳಿದು ಬರುವ ಕೆಲವು ನರಮಾರ್ಗಗಳು ಅದನ್ನು ಅಲ್ಲೇ ತಗ್ಗಿಸುತ್ತವೆ. ಆ ಮಾರ್ಗಗಳು ಕೆಲಸ ಮಾಡುವುದು ಸೆರೊಟೊನಿನ್, ನಾರ್‌ಅಡ್ರೆನಲಿನ್ ಎಂಬ ರಾಸಾಯನಿಕಗಳಿಂದ, ಮತ್ತು ಖಿನ್ನತೆಯ ಚಿಕಿತ್ಸೆಯಲ್ಲಿ ಔಷಧಗಳು ಹೆಚ್ಚಿಸುವುದು ಇವೇ ರಾಸಾಯನಿಕಗಳನ್ನು. ಖಿನ್ನತೆ ಬಂದವರಲ್ಲಿ, ನಿದ್ದೆಗೆಟ್ಟವರಲ್ಲಿ ಈ ಕಡಿವಾಣ ಸಡಿಲವಾಗುತ್ತದೆ, ಹಿಂದೆ ಸಹಿಸುತ್ತಿದ್ದ ಉರಿಯೇ ಸಹಿಸಲಾರದಷ್ಟಾಗುತ್ತದೆ. ಇತ್ತ ತಿಂಗಳುಗಟ್ಟಲೆ ಒಂದೇ ಸಮನೆ ನೋವಿನ ಸುದ್ದಿ ಬರುತ್ತಿದ್ದರೆ ಬೆನ್ನುಹುರಿಯೂ ಮಿದುಳೂ ಅದಕ್ಕೆ ಹದಗೊಂಡು, ಹೊದಿಕೆಯ ಸ್ಪರ್ಶದಂಥ ನಿರಪಾಯದ ಸುದ್ದಿಯನ್ನೂ ನೋವೆಂದೇ ಓದತೊಡಗುತ್ತವೆ. ನೋವು ನಿದ್ದೆಯನ್ನು ಕೆಡಿಸುತ್ತದೆ, ನಿದ್ದೆಗೇಡು ಮನಸ್ಸನ್ನು ಕುಗ್ಗಿಸುತ್ತದೆ, ಕುಗ್ಗಿದ ಮನಸ್ಸು ನೋವನ್ನು ಹಿಗ್ಗಿಸುತ್ತದೆ. ಎಚ್‌ಐವಿ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಹೆಚ್ಚು ಎಂಬುದು, ಅವರಲ್ಲಿ ಸುಮಾರು ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ನೋವಿನಿಂದ ಬಳಲುತ್ತಾರೆ ಎಂಬುದು ಬೇರೆಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ಇದರ ಮೇಲೆ ಎಚ್‌ಐವಿಗೆ ಮಾತ್ರವೇ ಇರುವ ಇನ್ನೊಂದು ಹೊರೆ ಇದೆ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವವರು ಕ್ಯಾಂಟೀನಿನಲ್ಲಿ ಕುಳಿತು ಅದನ್ನು ಹೇಳಿಕೊಳ್ಳುತ್ತಾರೆ, ಪಕ್ಕದವರು ತಮ್ಮದೂ ಹೇಳುತ್ತಾರೆ, ಮೆಂತ್ಯೆ ನೆನೆಸಿ ಕುಡಿ ಎಂಬ ಸಲಹೆಯಾದರೂ ಸಿಗುತ್ತದೆ. ನೀವು ಮಾತ್ರ 2007ರಿಂದ ಈವರೆಗೆ ಮಾತ್ರೆಯ ಡಬ್ಬಿಯನ್ನೂ, ಎಆರ್‌ಟಿ ಕೇಂದ್ರಕ್ಕೆ ಹೋಗುವ ದಿನದ ರಜೆಯ ಕಾರಣವನ್ನೂ, ಈಗ ಕಾಲಿನ ಉರಿಯನ್ನೂ ಮರೆಮಾಡುತ್ತ ಬಂದಿದ್ದೀರಿ. ಸದಾ ಎಚ್ಚರವಾಗಿರುವ ಈ ಸ್ಥಿತಿ ಮನಸ್ಸಿಗೂ ಮೈಗೂ ಬಳಲಿಕೆ ತರುತ್ತದೆ. ಯಾರ ಜೊತೆಗೂ ಮಾತು ಬೇಡ ಎನ್ನಿಸುವುದು ನಿಮ್ಮ ಸ್ವಭಾವದ ದೋಷವೆಂದು ನಾನು ಒಪ್ಪಲಾರೆ. ಅದು ಖಿನ್ನತೆಯ ಲಕ್ಷಣ, ಖಿನ್ನತೆಗೆ ಚಿಕಿತ್ಸೆ ಇದೆ. ನಿಮ್ಹಾನ್ಸ್ ಎಂದರೆ ಹುಚ್ಚಾಸ್ಪತ್ರೆ ಎಂಬ ಹಳೆಯ ಮಾತಿಗೆ ಅಂಜಬೇಡಿ. ನರರೋಗ ವಿಭಾಗವೂ ಮನೋರೋಗ ವಿಭಾಗವೂ ಒಂದೇ ಆವರಣದಲ್ಲಿರುವ, ಎಚ್‌ಐವಿ ಇರುವವರ ನರ ಮತ್ತು ಮನಸ್ಸು ಎರಡರ ಬಗ್ಗೆಯೂ ದಶಕಗಳ ಅನುಭವವಿರುವ ಸಂಸ್ಥೆ ಅದು. ನಿಮ್ಮಂಥವರಿಗೆ ಅದಕ್ಕಿಂತ ತಕ್ಕ ಜಾಗ ಈ ಊರಿನಲ್ಲಿ ನನಗೆ ತೋಚುತ್ತಿಲ್ಲ.

ಮಾತ್ರೆಗಳ ವಿಷಯದಲ್ಲಿ ನಾನು ಮುಚ್ಚುಮರೆಯಿಲ್ಲದೆ ಹೇಳಬೇಕು. ಸಕ್ಕರೆ ಕಾಯಿಲೆಯ ನರದ ಉರಿಗೆ ಚೆನ್ನಾಗಿ ಕೆಲಸ ಮಾಡುವ ಕೆಲವು ಔಷಧಗಳು ಎಚ್‌ಐವಿಯ ನರದ ಉರಿಯಲ್ಲಿ ಅದೇ ಫಲ ಕೊಟ್ಟಿಲ್ಲ. ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್ ಅನ್ನು 1998ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ, ಪ್ರಿಗಾಬಲಿನ್ ಅನ್ನು 2010ರಲ್ಲಿ ಮತ್ತು ಅದರ ನಂತರ ಪರೀಕ್ಷಿಸಿದಾಗ, ಅವು ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಮೇಲೆಂದು ಸಾಬೀತಾಗಲಿಲ್ಲ. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಮೊದಲ ಮಾತ್ರೆಯಾಗಿ ಗ್ಯಾಬಪೆಂಟಿನ್ ಅನ್ನು ಸೂಚಿಸುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅನ್ನು ಚರ್ಮದ ಮೇಲೆ ಬಳಸುವ ಚಿಕಿತ್ಸೆಯನ್ನೂ ಅದು ಒಪ್ಪುತ್ತದೆ. ಗ್ಯಾಬಪೆಂಟಿನ್ ಪೂರ್ತಿಯಾಗಿ ಮೂತ್ರಪಿಂಡದಿಂದಲೇ ಹೊರಹೋಗುವುದರಿಂದ, ಕ್ರಿಯಾಟಿನಿನ್ ನೋಡದೆ ಅದರ ಪ್ರಮಾಣವನ್ನು ನಿರ್ಧರಿಸಲಾಗದು. ಮೇಲೆ ಹೇಳಿದ ಪರೀಕ್ಷೆ ಈ ಕಾರಣಕ್ಕೂ ಬೇಕು. ನಿಮ್ಮಂತೆ ಉರಿಯೂ ಖಿನ್ನತೆಯೂ ಕೂಡಿ ಬಂದವರಲ್ಲಿ ಡುಲೊಕ್ಸೆಟಿನ್ ಅನ್ನು ವೈದ್ಯರು ಯೋಚಿಸುವುದುಂಟು, ಏಕೆಂದರೆ ನಾನು ವಿವರಿಸಿದ ಆ ಎರಡು ರಾಸಾಯನಿಕಗಳನ್ನೂ ಅದು ಹೆಚ್ಚಿಸುತ್ತದೆ. ಎಚ್‌ಐವಿಯ ನರನೋವಿಗೆ ಅದರ ಪುರಾವೆ ಗಟ್ಟಿಯಿಲ್ಲದಿದ್ದರೂ ಖಿನ್ನತೆಗೆ ಗಟ್ಟಿಯಾಗಿದೆ. ಯಾರಾದರೂ ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ ಅದು ತಪ್ಪೆಂದಲ್ಲ, ನಿದ್ದೆಗೆ ಅದು ಸಹಾಯಕ. ಆದರೆ ಅಷ್ಟು ಸಣ್ಣ ಪ್ರಮಾಣ ಖಿನ್ನತೆಯ ಚಿಕಿತ್ಸೆಯಲ್ಲ ಎಂಬುದು ಗೊತ್ತಿರಲಿ. ಟ್ರಮಡಾಲ್ ಎಂಬ ನೋವಿನ ಮಾತ್ರೆಯನ್ನು ಯಾರೋ ಕೊಟ್ಟರೆಂದು ತೆಗೆದುಕೊಳ್ಳಬೇಡಿ. ಅದು ಚಟ ಹಿಡಿಸುವ ಔಷಧ, 2018ರಿಂದ ಮಾದಕ ವಸ್ತುಗಳ ಕಾನೂನಿನಡಿ ಬಂದಿದೆ. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ಸೆರೊಟೊನಿನ್ ಮಿತಿಮೀರಿ ಜೀವಕ್ಕೇ ಅಪಾಯ ತರಬಹುದು.

ಎಆರ್‌ಟಿ ಜೊತೆ ತೆಗೆದುಕೊಳ್ಳಬಹುದೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ತೆಗೆದುಕೊಳ್ಳಬಹುದು. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್ಸಿಟಾಲೊಪ್ರಾಂ, ಸರ್ಟ್ರಾಲಿನ್, ಮಿರ್ಟಜಪಿನ್‌ಗಳಾಗಲಿ, ಮೇಲೆ ಹೇಳಿದ ಗ್ಯಾಬಪೆಂಟಿನ್, ಡುಲೊಕ್ಸೆಟಿನ್‌ಗಳಾಗಲಿ ಟಿಎಲ್‌ಡಿಗೆ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಕಾರ್ಬಮಜೆಪಿನ್, ಫೆನಿಟಾಯಿನ್‌ಗಳು. ಮುಖದ ನರದ ಸೆಳೆತಕ್ಕೂ ಮೂರ್ಛೆರೋಗಕ್ಕೂ ಕೊಡುವ ಇವು ಡೊಲುಟೆಗ್ರಾವಿರ್ ಮಟ್ಟವನ್ನು ಕೆಳಗಿಳಿಸುತ್ತವೆ. ಎರಡನೇ ಹಂತದ ಚಿಕಿತ್ಸೆಯಲ್ಲಿ ರಿಟೊನಾವಿರ್ ಸೇರಿದ ಮಾತ್ರೆ ನುಂಗುತ್ತಿರುವ ಓದುಗರಿದ್ದರೆ ಅವರಿಗೆ ಹೆಚ್ಚಿನ ಎಚ್ಚರ ಬೇಕು: ಮೈಗ್ರೇನಿಗೆ ಕೊಡುವ ಎರ್ಗಟಮಿನ್ ಅವರಿಗೆ ನಿಷಿದ್ಧ, ಮತ್ತು ಸೊಂಟಕ್ಕೆ, ಮಂಡಿಗೆ ಚುಚ್ಚುವ ಟ್ರಯಾಮ್ಸಿನೊಲೊನ್ ಎಂಬ ಸ್ಟೀರಾಯ್ಡ್ ಒಂದೇ ಸೂಜಿ ಅವರ ದೇಹದಲ್ಲಿ ವಾರಗಟ್ಟಲೆ ಉಳಿದು ಮುಖ ಊದಿಸಿ, ಸಕ್ಕರೆ ಏರಿಸಿ, ದೇಹದ ಸ್ವಂತ ಸ್ಟೀರಾಯ್ಡ್ ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಲ್ಲುದು. ಖಿನ್ನತೆಯ ಮಾತ್ರೆ ಫಲ ತೋರಿಸಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲ ವಾರದ ವಾಕರಿಕೆಗೆ ಹೆದರಿ ಬಿಡುವವರೂ ಇದ್ದಾರೆ. ಇನ್ನೊಂದು ಸುಲಭದ ಮಾತು: ಡೊಲುಟೆಗ್ರಾವಿರ್ ಕೆಲವರ ನಿದ್ದೆ ಕೆಡಿಸುತ್ತದೆ. ನೀವು ಟಿಎಲ್‌ಡಿಯನ್ನು ರಾತ್ರಿ ನುಂಗುತ್ತಿದ್ದರೆ, ಬೆಳಿಗ್ಗೆಗೆ ಬದಲಾಯಿಸಬಹುದೇ ಎಂದು ಎಆರ್‌ಟಿ ವೈದ್ಯರನ್ನು ಕೇಳಿ. ಎಷ್ಟೋ ಸಲ ಅಷ್ಟೇ ಸಾಕಾಗಿದ್ದನ್ನು ನಾನು ನೋಡಿದ್ದೇನೆ.

ನೋವು ಪೂರ್ತಿ ಹೋಗುತ್ತದೆಯೇ? ಬಹುಶಃ ಹೋಗುವುದಿಲ್ಲ. ಮೂರನೇ ಒಂದು ಪಾಲು ತಗ್ಗಿದರೆ, ರಾತ್ರಿ ಐದಾರು ಗಂಟೆ ನಿದ್ದೆ ಬಂದರೆ, ಅದನ್ನು ನಾವು ಯಶಸ್ಸೆಂದು ಎಣಿಸುತ್ತೇವೆ. ಅಷ್ಟಕ್ಕೆ ಮಾತ್ರೆ ಒಂದೇ ಸಾಲದು. ದೀರ್ಘಕಾಲದ ನೋವಿರುವವರು ನೋವು ಕಡಿಮೆಯಿದ್ದ ದಿನ ಬಾಕಿ ಉಳಿದ ಕೆಲಸವನ್ನೆಲ್ಲ ಒಟ್ಟಿಗೆ ಮುಗಿಸಿ, ಮುಂದಿನ ಎರಡು ದಿನ ಹಾಸಿಗೆ ಹಿಡಿಯುವುದು ಸಾಮಾನ್ಯ. ಭಾನುವಾರವೇ ವಾರದ ಬಟ್ಟೆಯನ್ನೆಲ್ಲ ಒಗೆದು, ಮನೆ ಸಾರಿಸಿ, ಸೋಮವಾರ ಕಾರ್ಖಾನೆಯಲ್ಲಿ ಟಾರ್ಗೆಟ್ ತಪ್ಪಿ ಬೈಸಿಕೊಳ್ಳುವುದು ನಿಮಗೂ ಆಗಿರಬಹುದು. ಕೆಲಸವನ್ನು ನೋವಿನ ಅಳತೆಯಲ್ಲಿ ಮಾಡದೆ ಗಡಿಯಾರದ ಅಳತೆಯಲ್ಲಿ ಮಾಡಿ: ಇಪ್ಪತ್ತು ನಿಮಿಷ ಕೆಲಸ, ಐದು ನಿಮಿಷ ಬಿಡುವು, ನೋವು ಇರಲಿ ಇಲ್ಲದಿರಲಿ. ನಡಿಗೆಯನ್ನೂ ಹೀಗೆಯೇ, ಮೊದಲ ವಾರ ಹತ್ತು ನಿಮಿಷದಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ನೋವು ಬಂದಾಗ ಮನಸ್ಸು ಯಾವ ಯೋಚನೆಗೆ ಓಡುತ್ತದೆ ಎಂದು ಗುರುತಿಸಿ ಅದನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನೂ, ಯೋಗವನ್ನೂ ನಾನು ಹೇಳಿದ ಆ ಮಾರ್ಗಸೂಚಿಯೇ ಶಿಫಾರಸು ಮಾಡುತ್ತದೆ. ನಿಮ್ಹಾನ್ಸ್‌ನಲ್ಲಿ ಎರಡೂ ಇವೆ.

ಎಲ್ಲಿಂದ ಶುರುಮಾಡಬೇಕು ಎಂದರೆ, ನಿಮ್ಮ ಎಆರ್‌ಟಿ ಕೇಂದ್ರದಿಂದಲೇ. ಬೌರಿಂಗ್, ವಿಕ್ಟೋರಿಯಾ, ಕೆ.ಸಿ. ಜನರಲ್, ನೀವು ಯಾವ ಕೇಂದ್ರಕ್ಕೆ ಹೋಗುತ್ತಿದ್ದರೂ ಅಲ್ಲಿಯ ವೈದ್ಯರಿಂದ ನರರೋಗ ಮತ್ತು ಮನೋರೋಗ ಎರಡೂ ವಿಭಾಗಗಳಿಗೆ ಪತ್ರ ಬರೆಸಿಕೊಳ್ಳಿ. ಅಲ್ಲಿಯೂ ಸಮಯ ಕಡಿಮೆ, ಸರತಿ ಉದ್ದ. ಆದ್ದರಿಂದ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿ: ನೋವು ಎಲ್ಲಿ, ಎಷ್ಟು ಕಾಲದಿಂದ. ಅಂಗಡಿಯಿಂದ ತಂದು ನುಂಗಿದ ಎಲ್ಲ ಮಾತ್ರೆಗಳ ಹೆಸರು. ನಿದ್ದೆ ಮತ್ತು ಆ ಬೆಳಗಿನ ಯೋಚನೆ. ಬೇರೆ ವೈದ್ಯರಿಗೆ ಎಚ್‌ಐವಿ ವಿಷಯ ಹೇಳಿದರೆ ಕಾರ್ಖಾನೆಗೆ ತಿಳಿದೀತೆಂಬ ಭಯದಿಂದಲೇ ನೀವು ಔಷಧ ಅಂಗಡಿಯನ್ನು ನೆಚ್ಚಿಕೊಂಡಿರೆಂದು ನನ್ನ ಊಹೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ನಿಮಗೆ ಚಿಕಿತ್ಸೆ ಕೊಡುವ ವೈದ್ಯರು ಚಿಕಿತ್ಸೆಗೆ ಅಗತ್ಯವಿರುವಷ್ಟು ವಿಷಯವನ್ನು ಮತ್ತೊಬ್ಬ ವೈದ್ಯರಿಗೆ ಹೇಳಬಹುದೇ ಹೊರತು, ನಿಮ್ಮ ಒಪ್ಪಿಗೆಯಿಲ್ಲದೆ ಮಾಲೀಕರಿಗೆ ಹೇಳುವಂತಿಲ್ಲ. ಎಚ್‌ಐವಿ ಇದೆಯೆಂದು ಕೆಲಸದಿಂದ ತೆಗೆಯುವುದನ್ನೂ ಅದು ನಿಷೇಧಿಸುತ್ತದೆ. ನೂರು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯಲ್ಲಿ ಇದಕ್ಕಾಗಿ ದೂರು ಅಧಿಕಾರಿ ಇರಬೇಕು. ಕಾಗದದ ಮೇಲಿನ ಕಾನೂನು ಎಲ್ಲ ಕಡೆ ನಡೆಯುತ್ತದೆ ಎಂದು ನಾನು ಹೇಳಲಾರೆ, ಆದರೆ ಅದು ನಿಮ್ಮ ಪರವಾಗಿದೆ. ಈ ಬಗ್ಗೆ 1097 ಸಂಖ್ಯೆಯ ಎಚ್‌ಐವಿ ಸಹಾಯವಾಣಿಯಲ್ಲಿ ಹೆಸರು ಹೇಳದೆಯೂ ವಿಚಾರಿಸಬಹುದು.

ಕೊನೆಯದಾಗಿ, ಮಗಳು. ಹೇಳಲೇಬೇಕೆಂಬ ನಿಯಮ ಯಾವುದೂ ಇಲ್ಲ. ಯಾವಾಗ, ಎಷ್ಟು ಹೇಳಬೇಕೆಂಬುದು ನಿಮ್ಮ ತೀರ್ಮಾನ, ಆಪ್ತಸಮಾಲೋಚಕರ ಜೊತೆ ಕುಳಿತು ನಿಧಾನವಾಗಿ ಯೋಚಿಸಬಹುದು. ನಿಮ್ಮ ವೈರಲ್ ಲೋಡ್ ಪತ್ತೆಯಾಗದಷ್ಟಿದೆ, ಒಂದೇ ಮನೆಯಲ್ಲಿ ಉಂಡು ಮಲಗುವುದರಿಂದ ಅವಳಿಗೆ ಯಾವ ಅಪಾಯವೂ ಇಲ್ಲ, ಆದ್ದರಿಂದ ಅವಸರವೂ ಇಲ್ಲ. ಆದರೆ ನರದ ತೊಂದರೆಯಿಂದ ಪಾದ ಉರಿಯುತ್ತಿದೆ, ನಿದ್ದೆಯಿಲ್ಲ, ಮನಸ್ಸು ಕುಗ್ಗಿದೆ, ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ ಎಂದು ಹೇಳಲು ಎಚ್‌ಐವಿ ಎಂಬ ಪದ ಬೇಕಿಲ್ಲ. ಅಷ್ಟನ್ನಾದರೂ ಈ ವಾರ ಹೇಳಿ. ಉರಿಯುವ ಪಾದದಲ್ಲಿ ಕೆಲವು ಕಡೆ ಸ್ಪರ್ಶ ಮಂದವಾಗಿರುವುದುಂಟು, ಸೂಜಿಯೋ ಕಲ್ಲೋ ಚುಚ್ಚಿದರೆ ತಿಳಿಯುವುದಿಲ್ಲ, ಬಿಸಿನೀರಿನ ಬಿಸಿಯೂ ಸರಿಯಾಗಿ ಗೊತ್ತಾಗುವುದಿಲ್ಲ. ಹಾಗಾಗಿ ಉರಿಗೆ ಬಿಸಿನೀರಿನಲ್ಲಾಗಲಿ ಮಂಜುಗಡ್ಡೆಯಲ್ಲಾಗಲಿ ಕಾಲಿಡದೆ ತಣ್ಣೀರನ್ನಷ್ಟೇ ಬಳಸಿ, ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿ. ರಾತ್ರಿ ಊಟವಾದ ಮೇಲೆ, ದೀಪದ ಬೆಳಕಿನಲ್ಲಿ ನಿಮ್ಮ ಎರಡೂ ಅಂಗಾಲನ್ನು, ಬೆರಳ ಸಂದುಗಳನ್ನು ಒಂದು ಸಲ ನೋಡಿ ಗಾಯವಿದೆಯೇ ಎಂದು ಹೇಳುವ ಕೆಲಸವನ್ನು ಅವಳಿಗೆ ಕೊಡಿ.